ಒಂದು ಹೆಸರು, ಮೂರು ತೊಟ್ಟಿಲು

ಒಂದೇ ಕೆಲಸವನ್ನು ಒಂದೇ ಹೊತ್ತಿಗೆ ಮೂರು ಕಡೆ ಮಾಡಿದರೆ ಕೆಡುತ್ತದೆ. ಮೂವರು ಸೊಸೆಯರೂ ಉಪ್ಪು ಹಾಕಿದ ಸಾರಾದರೆ ಕಲಗಚ್ಚಿಗೆ ಸುರಿದು ಕೈ ತೊಳೆದುಕೊಳ್ಳಬಹುದು. ಮಗುವಿಗೆ ಇಟ್ಟ ಹೆಸರನ್ನು ಎಲ್ಲಿ ಸುರಿಯುವುದು?

ಊರಿಗೆ ಕರೆಂಟು ಬಂದ ವರ್ಷ ನಮ್ಮ ಯಜಮಾನರು ಹೋದರು. ಹಿಂದೆಯೇ ಮೂವರು ಸೊಸೆಯರೂ ಬಸುರಾಗಿ ಬಾಣಂತನಕ್ಕೆ ತವರಿಗೆ ಹೋದರು. ದೊಡ್ಡವಳು ಮದ್ದೂರಿಗೆ, ನಡುವಿನವಳು ಕೊತ್ತತ್ತಿಗೆ, ಚಿಕ್ಕವಳು ಕುರಿಗೆ ಹೆಸರಾದ ಬಂಡೂರಿಗೆ. ಮೂವರಿಗೂ ಗಂಡು. ನಮ್ಮಲ್ಲಿ ಸತ್ತ ಅಜ್ಜನ ಹೆಸರು ಮೊಮ್ಮಗನಿಗೆ ಬರಬೇಕು, ಅದೂ ಒಬ್ಬನಿಗೆ. ನಾಮಕರಣಕ್ಕೆ ಒಳ್ಳೆಯ ದಿನ ಅಂತ ಮೂರು ಊರಿನ ಜೋಯಿಸರೂ ಒಂದೇ ದಿನ ಕೊಟ್ಟರು. ನನ್ನ ಮೂವರು ಮಕ್ಕಳೂ ತಂತಮ್ಮ ಮಾವನ ಮನೆಗೆ ಹೋಗಿ ಉಂಡು ಬಂದರು, ಇಟ್ಟ ಹೆಸರಿನ ಮಾತು ಎತ್ತಲಿಲ್ಲ. ಹೆಸರು ಇನ್ನೂ ಖಾಲಿ ಇದೆ ಅಂತಲೇ ಮೂವರು ಬೀಗರೂ ತಿಳಿದಿದ್ದರು. ಕೇಳಿದರೆ ಇನ್ನೊಬ್ಬರು ಮೊದಲೇ ಇಟ್ಟುಬಿಟ್ಟಾರು ಅಂತ ಯಾರೂ ಕೇಳಲಿಲ್ಲ. ಬಾಣಂತಿಯರು ಮನೆಗೆ ಬಂದ ಮೇಲೆ ನೋಡಿದರೆ, ಮೂರು ತೊಟ್ಟಿಲಲ್ಲೂ ನಮ್ಮ ಯಜಮಾನರೇ ಮಲಗಿದ್ದಾರೆ.

ಇಬ್ಬರದು ತೆಗೆಯಿರಿ ಅಂದರೆ ಮನೆ ಮೂರು ಒಲೆಯಾಗುವ ಲಕ್ಷಣ. ಮದ್ದೂರದು, ಕೊತ್ತತ್ತೀದು, ಬಂಡೂರದು ಅಂತ ಕರೆದುಕೊಂಡು ಕಾಲ ಹಾಕಿದೆ. ಅದಕ್ಕೂ ಚಿಕ್ಕವಳು, "ನನ್ ಮಗುನ ಸಂತೇಲಿ ಕುರಿ ಕೇಳ್ದಂಗೆ ಕೇಳ್ಬ್ಯಾಡಿ ಅತ್ತೆ" ಅಂದಳು. "ಕುರಿಯಾಗಿದ್ರೆ ಕಿವಿಗೊಂದು ಗುರ್ತು ಮಾಡ್ಬುಡ್ತಿದ್ದೆ ಕಣೇ" ಅಂದೆ. ಮಾತು ಬಿಟ್ಟಳು. ಗಂಡಸರು ಮಾತ್ರ ಹೆಸರು ಹಿಡಿದೇ ಕೂಗುತ್ತಿದ್ದರು. ಹರಳೆಣ್ಣೆ ಕುಡಿಸುವ ದಿನ ಕೂಗಿದರೆ ಮದ್ದೂರದೂ ಬಂಡೂರದೂ ತನ್ನನ್ನಲ್ಲ ಅಂತ ಹುಲ್ಲಿನ ಮೆದೆ ಸೇರುತ್ತಿದ್ದವು. ಪೆದ್ದ ಕೊತ್ತತ್ತೀದು ಕೂಗಿದಾಗಲೆಲ್ಲ ಬಂದು, ಮೂವರ ಪಾಲೂ ಕುಡಿದು, ದಿನವಿಡೀ ಬೇಲಿ ಮರೆಗೆ ಓಡಾಡುತ್ತಿತ್ತು.

ಸ್ಕೂಲಿಗೆ ಸೇರಿಸಲು ಹೋದರೆ ಹೊಸದಾಗಿ ಬಂದಿದ್ದ ಹೆಡ್ ಮೇಷ್ಟ್ರು ಒಪ್ಪಲಿಲ್ಲ. "ಒಂದೇ ಮನೆ, ಒಂದೇ ವಯಸ್ಸು, ಒಂದೇ ಹೆಸರು. ಯಾವನು ಪಾಸು, ಯಾವನು ಫೇಲು ಅಂತ ಹೇಗೆ ಹೇಳಲಿ? ಒಬ್ಬನಿಗಿರಲಿ, ಇಬ್ಬರಿಗೆ ಬೇರೆ ಹೆಸರು ತನ್ನಿ" ಅಂದರು. ಮನೆಯಲ್ಲಿ ಜಗಳವೋ ಜಗಳ. "ಯಾರಾದ್ರೂ ಇಬ್ರು ಬುಟ್ಕೊಡಿ ಕಣ್ರವ್ವ, ಆ ಎಸ್ರು ಒಬ್ಬನ ಮ್ಯಾಲಾದ್ರೂ ಉಳೀಲಿ" ಅಂತ ಕೇಳಿಕೊಂಡೆ.

ಮೂವರ ಮನಸ್ಸೂ ಕರಗಿತು. ಒಬ್ಬಳಿಗೊಬ್ಬಳು ಹೇಳದೆ, ಬೇರೆ ಬೇರೆಯಾಗಿ ಮೇಷ್ಟ್ರ ಹತ್ತಿರ ಹೋಗಿ, "ನಮ್ದೇ ಬದ್ಲಾಯ್ಸಿ ಸಾ, ಮನೆದೇವ್ರ ಎಸ್ರು ಬರ್ಕಳಿ" ಅಂದು ಬಂದರು. ಸಿದ್ದರಾಜು, ಸಿದ್ದರಾಜು, ಸಿದ್ದರಾಜು.

ಮೇಷ್ಟ್ರು ನನಗೆ ಹೇಳಿ ಕಳಿಸಿದರು. ಒಬ್ಬಳೇ ಹೋದೆ. "ಮದ್ದೂರಿನವನು ಸಿದ್ದರಾಜು, ಕೊತ್ತತ್ತಿಯವನಿಗೆ ನಾನೇ ಶಿವಣ್ಣ ಅಂತ ಇಟ್ಟೆ. ಬಂಡೂರಿನವನಿಗೆ ನಿಮ್ಮ ಯಜಮಾನರ ಹೆಸರೇ ಇರಲಿ ಅಜ್ಜಿ. ಹಳೇದನ್ನ ಓದಲಾಗದಂತೆ ಹೊಡೆದುಹಾಕಿದ್ದೀನಿ, ಮರೆತೆ. ಏನದು?" ಅಂದರು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಜನಗಣತಿಯವರು ಬಂದರೂ ಪಕ್ಕದ ಮನೆಯವಳೇ ಹೇಳಬೇಕು.

"ಮಗನ್ನ ಕಳುಸ್ತೀನಿ ಸಾ."

"ರಿಜಿಸ್ಟರು ಇದೇ ಬಸ್ಸಿಗೆ ಮಳವಳ್ಳಿಗೆ ಹೋಗಬೇಕು. ಹೇಳಿ."

ಬಾಯಿ ತೆರೆದೆ. ಗಾಳಿ ಬಂತು, ಹೆಸರು ಬರಲಿಲ್ಲ. ಹೊರಗೆ ಬಸ್ಸು ಹಾರ್ನ್ ಹೊಡೆಯಿತು.

"ಮಂಜುನಾಥ ಅಂತ ಬರೀಲಾ?"

"ಬರ್ಕಳಿ" ಅಂದೆ.

ಮನೆ ಬಾಗಿಲಲ್ಲೇ ಸೊಸೆಯರು, "ಯಾರ್ಗುಳೀತು ಅತ್ತೆ?" ಅಂದರು. ಹಟ ಬಿಟ್ಟವರು ಅವರು, ಕಳೆದು ಬಂದವಳು ನಾನು. ಯಜಮಾನರು ಎರಡನೇ ಸಲ ಹೋದರು, ಈ ಸಲ ನನ್ನಿಂದ. ಈ ಹಾಳೆಯ ಮೇಲಾದರೂ ಆ ಹೆಸರು ಬರೆದಿಡೋಣ ಅಂತ ಕೂತೆ. ಕೈಯೂ ಬಾಯಿಯಷ್ಟೇ ಮೊಂಡು.