ಹತ್ತು ಎಣಿಸುವಷ್ಟರಲ್ಲಿ

ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವ ಗುಮಾಸ್ತನಿಗೆ ಕಚೇರಿಯವರು ಇಟ್ಟಿದ್ದ ಹೆಸರು ಕುಕ್ಕರ್; ಮಾತುಮಾತಿಗೂ ಕೂಗಾಡುತ್ತಿದ್ದ. ಮೊನ್ನೆ ಅವನು ನಿವೃತ್ತ ಜಡ್ಜೊಬ್ಬರ ಮೇಲೇ ಸೀಟಿ ಹೊಡೆದು, ಅವರು ಮೇಲಿನ ಕಚೇರಿಗೆ ಬರೆದು, ಸಾಹೇಬರು ಅವನನ್ನು ಒಳಗೆ ಕರೆದರು.

"ಕೋಪ ಹತೋಟೀಲಿದೆ ಅಂತ ಮೆದುಳಿನ ಡಾಕ್ಟರ ಹತ್ರ ಪತ್ರ ತನ್ನಿ. ಇಲ್ದಿದ್ರೆ ಕುರ್ಚಿ ಬಿಡಿ."

ಹದಿನಾಲ್ಕು ವರ್ಷ ಕೂತು ಕೂತು ಅವನ ಬೆನ್ನಿನ ಆಕಾರಕ್ಕೇ ಬಂದಿದ್ದ ಕುರ್ಚಿ ಅದು. ಅವನು ಆಸ್ಪತ್ರೆಗೆ ಓಡಿದ.

"ಮೆದುಳೊಳಗೆ ಬಾದಾಮಿಯಷ್ಟು ದೊಡ್ಡ ಭಾಗ ಒಂದಿದೆ. ಏನಾದ್ರೂ ಆದ್ರೆ ಮೊದಲು ಕೂಗಾಡೋದು ಅದೇ," ಎಂದರು ಡಾಕ್ಟರು. "ಯೋಚನೆ ಮಾಡೋ ಭಾಗ ಹಣೆ ಹಿಂದಿದೆ. ಅದು ಎದ್ದು ಬರೋದು ತಡ. ಕೋಪ ಬಂದಾಗೆಲ್ಲ ಹತ್ತು ಎಣಿಸಿ. ನಾಳೆ ಒಂದು ದಿನ ತಡೆದುಕೊಂಡು ನಾಲ್ಕು ಗಂಟೆಗೆ ಬನ್ನಿ, ಪತ್ರ ಕೊಡ್ತೀನಿ."

ಮರುದಿನ ಬೆಳಿಗ್ಗೆ ಅವನು ಒಂಟಿ ಕಾಲುಚೀಲ ಹಿಡಿದು ಜೋಡಿ ಹುಡುಕುತ್ತಿದ್ದಾಗ ಹೆಂಡತಿ ಎದುರು ನಿಂತಳು.

"ರೀ, ಈ ಹೊಸ ಕನ್ನಡಕದಲ್ಲಿ ನಾನು ವಯಸ್ಸಾದವಳ ಥರ ಕಾಣ್ತೀನಾ?"

ಕಚೇರಿಗೆ ಹೊತ್ತಾಗಿತ್ತು. ರೇಗಿತು. ಎಣಿಸಿದ. ಆರಕ್ಕೆ ಅವಳ ಮುಖ ಬಾಡಿತು, ಎಂಟಕ್ಕೆ ಕಣ್ಣು ತುಂಬಿತು, ಹತ್ತಕ್ಕೆ ಕೋಣೆಯ ಬಾಗಿಲು ದಢಾರನೆ ಮುಚ್ಚಿತು. "ಇಲ್ಲ ಕಣೇ" ಎಂಬ ಮಾತು ಬಾಗಿಲಿಗೆ ಮಾತ್ರ ಕೇಳಿಸಿತು.

ಗೇಟಿನ ಬಳಿ ಪಕ್ಕದ ಮನೆಯ ಮೇಷ್ಟ್ರು. "ನಿಮ್ಮ ಸ್ಕೂಟರ್ ಸ್ವಲ್ಪ ತಗೊಂಡು ಹೋಗ್ಲಾ?" ಇವನ ಎಣಿಕೆ ಏಳಕ್ಕೆ ಬರುವಷ್ಟರಲ್ಲಿ ಸ್ಕೂಟರ್ ತಿರುವು ದಾಟಿತ್ತು.

ಬಸ್ಸಿನಲ್ಲಿ ನೇತಾಡಿಕೊಂಡು ಕೌಂಟರು ಸೇರಿದರೆ, ಖಾಲಿ ಬಕೆಟ್ ಹಿಡಿದ ಹೆಂಗಸೊಬ್ಬಳು ಕಾದಿದ್ದಳು.

"ಮೂರು ದಿನದಿಂದ ನಲ್ಲೀಲಿ ಹನಿ ನೀರಿಲ್ಲ. ಎಲ್ಲಾ ಮಲಗಿದೀರಾ?"

ಅವನು ಕಣ್ಣು ಮುಚ್ಚಿ ಹಲ್ಲು ಕಚ್ಚಿದ.

"ಅಯ್ಯೋ, ಇವರಿಗೇನೋ ಆಯ್ತು, ಬನ್ನಿ!"

ಒಬ್ಬ ಅವನ ಕೆನ್ನೆಗೆ ತಟ್ಟಿದ, ಇನ್ನೊಬ್ಬ ಅಂಗೈ ತಿಕ್ಕಿದ. ಊರಿಗೇ ಇಲ್ಲದ ನೀರು ಎಲ್ಲಿಂದ ಬಂತೋ, ಒಂದು ಚೊಂಬು ತಲೆಯ ಮೇಲೆ ಸುರಿಯಿತು. "ನಂಗೇನೂ ಆಗಿಲ್ಲಮ್ಮ" ಎಂದು ಅವನು ಮೆಲ್ಲಗೆ ಹೇಳಿದ್ದೇ ತಪ್ಪಾಯಿತು. ಕುಕ್ಕರ್ ಕೂಗುತ್ತಿಲ್ಲ ಎಂಬ ಸುದ್ದಿ ಬೀದಿ ಬೀದಿ ಹರಡಿ, ಮಧ್ಯಾಹ್ನದ ಹೊತ್ತಿಗೆ ದೂರು ಕೊಡುವವರ ಸಾಲು ರಸ್ತೆಗೆ ಬಂದಿತ್ತು.

ಇದರ ನಡುವೆ ಟೈಪಿಸ್ಟ್ ಮೇಡಂ ಐದನೇ ಸಲ ಕೇಳಿದರು: "ಇದಕ್ಕೆ ಇವತ್ತಿನ ತಾರೀಖಾ, ನಿನ್ನೇದಾ?" ಇವನು ನಾಲ್ಕರಲ್ಲಿದ್ದ. "ಗೋಡೆ ಆಗಿದ್ರೂ ಇಷ್ಟೊತ್ತಿಗೆ ಉತ್ತರ ಕೊಡ್ತಿತ್ತು!" ಎಂದು ಅವರು ಎಸೆದ ಸ್ಟ್ಯಾಂಪ್ ಪ್ಯಾಡ್ ಅವನ ಅಂಗಿಗೆ ನೀಲಿ ಮುದ್ರೆಯೊತ್ತಿತು.

ನಾಲ್ಕು ಗಂಟೆಗೆ ಡಾಕ್ಟರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೋಪ ಬರ್ಲಿಲ್ವಾ?"

"ಬಂತು ಡಾಕ್ಟ್ರೇ. ಬಂದು ಬಂದು ವಾಪಸ್ ಹೋಯ್ತು."

ಡಾಕ್ಟರು ಹಿಗ್ಗಿ, ಇಂಥ ಶಾಂತ ಮೆದುಳು ಅಪರೂಪವೆಂದು ಬರೆದು ಸೀಲು ಒತ್ತಿದರು. ಅವನು ಕಚೇರಿಗೆ ಹಾರಿ ಬಂದು, ಪತ್ರವನ್ನು ಮೇಲಿನ ಕಚೇರಿಗೆ ಹೊರಟಿದ್ದ ಟಪಾಲಿಗೆ ಸೇರಿಸಿ, ಟಪಾಲು ಮುದ್ರೆ ಬಿದ್ದ ಅದರ ಪ್ರತಿ ಹಿಡಿದು ಸಾಹೇಬರ ಕೋಣೆಗೆ ನುಗ್ಗಿದ.

ಸಾಹೇಬರು ದೂರರ್ಜಿಗಳ ಗುಡ್ಡೆಯ ಹಿಂದೆ ತಲೆ ಕೆದರಿಕೊಂಡು ಕೂತಿದ್ದರು.

"ಏನ್ ಮಾಡ್ಕೊಂಡ್ರಿ ಇದು? ನಿಮ್ಮ ಬಾಯಿಗೆ ಹೆದರಿ ಜನ ಬಾಗಿಲಿಂದಾನೇ ವಾಪಸ್ ಹೋಗ್ತಿದ್ರು ಅಂತ ನಂಗೆ ಇವತ್ತು ಗೊತ್ತಾಯ್ತು! ಎಲ್ಲರೂ ನನ್ನ ತಲೆ ಮೇಲೆ ಬಂದು ಕೂತ್ರು. ಶಾಂತವಾಗಿರೋರು ಆ ಕೌಂಟರಿಗೆ ಬೇಡ. ನಾಳೆಯಿಂದ ಟೈಪಿಸ್ಟ್ ಮೇಡಂ ಕೂರ್ತಾರೆ."

ಈ ಸಲ ಅವನು ಎಣಿಸಲಿಲ್ಲ. ಮೇಜು ಗುದ್ದಿ, ಬೆಳಗಿನಿಂದ ನುಂಗಿದ್ದನ್ನೆಲ್ಲ ಒಂದೇ ಉಸಿರಿಗೆ ಕೂಗಿದ. ಕಿಟಕಿಯ ಗಾಜು ಅದುರಿತು. ಹೊರಗಿನ ಸಾಲು ಚದುರಿ ಓಡಿತು.

ಸಾಹೇಬರು ಕುಣಿಯುವಂತೆ ಎದ್ದು ನಿಂತರು. "ಆಹಾ! ಈ ಗಂಟಲೇ ಕಣ್ರೀ ಬೇಕಾಗಿದ್ದು!"

"ಹಾಗಾದ್ರೆ ನನ್ನ ಕುರ್ಚಿ?"

ಸಾಹೇಬರು ಅವನ ಕೈಯಲ್ಲಿದ್ದ ಪ್ರತಿಯ ಮೇಲಿನ ಮುದ್ರೆ ನೋಡಿ ನಿಟ್ಟುಸಿರಿಟ್ಟು ಕೂತರು.

"ಹೇಗೆ ಕೊಡ್ಲಿ? ಪತ್ರ ಆಗ್ಲೇ ಮೇಲಿನ ಕಚೇರಿಗೆ ಹೋಯ್ತಲ್ಲ. ದಾಖಲೆ ಪ್ರಕಾರ ನಿಮಗೆ ಕೋಪ ಬರೋದೇ ಇಲ್ಲ."