ಬಾಣಂತನಕ್ಕೊಂದು ಮಿಲಿಟರಿ ಚೀಲ

ಯುದ್ಧಕ್ಕೆ ಹೋಗುವವರ ಚೀಲ ಹೊತ್ತು ಬಾಣಂತನಕ್ಕೆ ಹೋಗುವ ಹೆಂಗಸನ್ನು ನೀವು ಕಂಡಿದ್ದೀರಾ? ನಮ್ಮ ಬಳಗದಲ್ಲಿ ಒಬ್ಬಳಿದ್ದಾಳೆ. ನನ್ನ ಸೋದರತ್ತೆ. ಊರು ತೆಲಂಗಾಣದ ಗಡಿಯ ರಾಯಿಕೋಡ್, ವಯಸ್ಸು ಅರವತ್ತರ ಆಚೆ, ಉಡುವುದು ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಬೆನ್ನ ಮೇಲೆ ಮಿಲಿಟರಿ!

ಅತ್ತೆಗೆ ಮಕ್ಕಳಿಲ್ಲ. ಆದರೆ ಯಾರ ಹೆರಿಗೆಯಿರಲಿ, ಯಾರ ಆಪರೇಷನ್ನಿರಲಿ, ಜೊತೆಗಿರಲು ಮೊದಲು ಹೋಗಿ ಕೂಡುವವಳು ಆಕೆಯೇ. ಕರೆಯಲಿ ಎಂದು ಕಾಯುವ ರೂಢಿಯಿಲ್ಲ. ಆಕೆ ಮನೆಯಲ್ಲಿಲ್ಲದ ದಿನಗಳಲ್ಲೇ ಮಾವ ರೊಟ್ಟಿ ಬಡಿಯಲು ಕಲಿತದ್ದು. ಈಗ ಊರಲ್ಲಿ ಅವನ ರೊಟ್ಟಿಗೆ ಆಕೆಯ ರೊಟ್ಟಿಗಿಂತ ಒಳ್ಳೆಯ ಹೆಸರಿದೆ.

ಮೊದಲು ಆಕೆಯ ಕೈಯಲ್ಲಿ ಒಂದು ವೈರಿನ ಬುಟ್ಟಿ ಇರುತ್ತಿತ್ತು. ಒಮ್ಮೆ ನಾನೂ ಜೊತೆಗಿದ್ದಾಗ ಜಹೀರಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಅದರ ಹಿಡಿ ಕಿತ್ತು, ಅಜವಾನ, ಒಣಕೊಬ್ಬರಿ, ಕೂಸಿನ ಕುಲಾವಿ ಎಲ್ಲ ನೆಲದ ಪಾಲಾದವು. ಅತ್ತೆ ಅವನ್ನೆಲ್ಲ ಆರಿಸಿ ಸೆರಗಿಗೆ ಕಟ್ಟಿಕೊಂಡವಳೇ ಎದುರಿನ ಚೀಲದ ಅಂಗಡಿಗೆ ನಡೆದಳು.

ಅಲ್ಲಿ ಗೋಡೆಯ ತುಂಬ ಸೈನಿಕರ ಮಾದರಿಯ ಚೀಲಗಳು. ಚಿಕ್ಕದು ಕಾಲೇಜಿಗೆ, ನಡುವಿನದು ಎರಡು ದಿನ ಊರಿಗೆ ಹೋಗಲು, ದೊಡ್ಡದು ಬೆಟ್ಟ ಹತ್ತುವವರಿಗೆ ಎಂದು ಅಂಗಡಿಯವನು ವಿವರಿಸಿದ. ನಿಮಗೆ ಯಾವ ಕೆಲಸಕ್ಕೆ ಎಂದು ಕೇಳಿದ. ಬಾಣಂತನಕ್ಕೆ ಎಂದಳು. ಪಾಪ, ಆ ಕೆಲಸದ ಚೀಲ ಯಾವುದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕರಿಯ ಚೀಲವನ್ನು ಅತ್ತೆ ಮುಟ್ಟಲೇ ಇಲ್ಲ. ಬಾಣಂತಿಯ ಕೋಣೆಗೆ ಕಪ್ಪು ಒಯ್ಯುತ್ತಾರೆಯೇ? ಒಣಹುಲ್ಲಿನ ಬಣ್ಣದ ದೊಡ್ಡ ಚೀಲ ಇಳಿಸಿಕೊಂಡಳು, ಬೆನ್ನಿಗೇರಿಸಿದಳು, ಅಂಗಡಿಯಿಂದ ಹೊರಗೆ ನಡೆದೇಬಿಟ್ಟಳು. ಅಂಗಡಿಯವನು ಗಾಬರಿಯಾಗಿ ಹಿಂದೆ ಓಡಿದ. ಆಕೆ ರಸ್ತೆ ದಾಟಿ, ನಿಂತಿದ್ದ ಬಸ್ಸು ಹತ್ತಿ, ಇಳಿದು ವಾಪಸು ಬಂದಳು. "ಬಾಗಿಲಾಗ ಸಿಕ್ಕೊಂತದ. ನಡುವಿಂದು ಕೊಡ್ರಿ," ಎಂದಳು.

ಕಟ್ಟಿಕೊಡುವಾಗ ಅವನು ಮೆಲ್ಲಗೆ ಕೇಳಿದ: "ಮಗ ಮಿಲಿಟ್ರಿಯಾಗ ಇದ್ದಾನೇನ್ರಿ, ಅಮ್ಮೋರ?"

"ಇಲ್ರಿ. ನಾನೇ ಹೊಂಟೀನಿ."

ಚೀಲದ ಮೈತುಂಬ ಅಡ್ಡಡ್ಡ ಪಟ್ಟಿ ಹೊಲಿದಿದ್ದರು. ಸೈನಿಕರು ಅವಕ್ಕೆ ಗುಂಡಿನ ಸಂಚಿ ಸಿಕ್ಕಿಸಿಕೊಳ್ಳುತ್ತಾರಂತೆ. ಅತ್ತೆ ಸಿಕ್ಕಿಸಿಕೊಂಡದ್ದು ಸೌಟು, ಚೆಂಬು, ಹಾಲು ಕಾಸುವ ಪಾತ್ರೆ. ನಡೆದರೆ ಗೆಜ್ಜೆ ಕಟ್ಟಿದ ಎತ್ತು ಬಂದಂತೆ ಸದ್ದು!

ನನ್ನ ಅಣ್ಣನ ಹೊಟ್ಟೆಯ ಆಪರೇಷನ್ನಿಗೆಂದು ನಾರಾಯಣಖೇಡಿಗೆ ಹೊರಟಾಗ ಕಂಡಕ್ಟರ್ ತಡೆದ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಇಷ್ಟು ದೊಡ್ಡ ಲಗೇಜಿಗೆ ಟಿಕೆಟ್ ಆಗುತ್ತದೆ ಎಂದು ತೆಲುಗಿನಲ್ಲಿ ಹೇಳಿದ. ಎದೆಯ ಮೇಲಿನ ಬಕಲ್ ತೋರಿಸಿ ಅತ್ತೆ ಕನ್ನಡದಲ್ಲೇ ಉತ್ತರ ಕೊಟ್ಟಳು: "ಇದು ಲಗೇಜ್ ಅಲ್ರಿ, ಮೈಮ್ಯಾಲ ಹಾಕ್ಕೊಂಡೀನಿ. ಸೀರಿಗಿ ಟಿಕೆಟ್ ಹರಿತೀರೇನು?" ಅವನು ಮುಂದಿನ ಸೀಟಿಗೆ ಹೋದ.

ಆಸ್ಪತ್ರೆಯಲ್ಲಿ ಚೀಲವನ್ನು ಮಂಚದ ಕಂಬಿಗೆ ಕಟ್ಟಿದ್ದೇ ತಡ, ವಾರ್ಡಿಗೆಲ್ಲ ಅದೇ ಅಂಗಡಿಯಾಯಿತು. ಪಿನ್ನು, ಚಾರ್ಜರ್, ಬಿಸಿನೀರಿನ ಚೀಲ, ಯಾರಿಗೆ ಏನು ಬೇಕೋ ಅದು. ಪಕ್ಕದ ಮಂಚದ ಒಂಟಿ ಮುದುಕನಿಗೆ ದಿನಾ ಗಂಜಿ. ಅಣ್ಣನನ್ನು ಮನೆಗೆ ಕಳಿಸಿದರೂ ಅತ್ತೆ ಬರಲಿಲ್ಲ. ಮುದುಕನ ಹೊಲಿಗೆ ಬಿಚ್ಚುವುದು ಇನ್ನೂ ಬಾಕಿ ಇತ್ತಂತೆ!

ಆಮೇಲೆ ನನ್ನ ಸರದಿ ಬಂತು. ತಾಂಡೂರಿನಲ್ಲಿ, ದಿನ ತುಂಬುವ ಮೊದಲೇ, ಆಪರೇಷನ್ ಮಾಡಿ ಮಗಳನ್ನು ತೆಗೆದರು. ಅಂಗೈಯಗಲದ ಕೂಸು. ನನಗೆ ಜ್ವರ. ಮಗುವನ್ನು ಮುಟ್ಟಲು ನನ್ನ ಗಂಡನಿಗೆ ಧೈರ್ಯವಿಲ್ಲ. ಅತ್ತೆ ಬಂದವಳೇ ಚೀಲ ಬಿಚ್ಚಿದಳು. ಅಜವಾನದ ಹೊಗೆ ಬೇಡವೆಂದರು ಡಾಕ್ಟರಮ್ಮ. ಎಣ್ಣೆ ಬೇಡ, ಜೇನು ಬೇಡ, ಕುಲಾವಿಯೂ ದೊಡ್ಡದಾಯಿತು. ತೆಗೆದಿಟ್ಟದ್ದನ್ನೆಲ್ಲ ಅತ್ತೆ ಒಂದೊಂದಾಗಿ ತಿರುಗಿ ಒಳಗಿಟ್ಟಳು.

ಮಗುವಿಗೆ ಮೈಯ ಬಿಸಿ ಬೇಕು, ತಾಯಿಗೆ ಜ್ವರವಿದ್ದರೆ ಮನೆಯ ಹೆಂಗಸರು ಯಾರಾದರೂ ಬರಿ ಎದೆಗೆ ಹಚ್ಚಿಕೊಂಡು ಕೂಡಬಹುದು ಎಂದಳು ನರ್ಸು. ಅತ್ತೆ ಕೈ ತೊಳೆದಳು. ಗೋಡೆಯ ಕಡೆ ತಿರುಗಿ ಕುಪ್ಪಸದ ಗುಂಡಿ ಬಿಚ್ಚಿದಳು. ನರ್ಸು ಕೂಸನ್ನು ಆಕೆಯ ಎದೆಯ ಮೇಲಿಟ್ಟು, ಮೇಲೆ ಬಟ್ಟೆ ಸುತ್ತಿದಳು.

ಮಧ್ಯಾಹ್ನ ಕೂತವಳು ಸಂಜೆಯಾದರೂ ಏಳಲಿಲ್ಲ. ಕಾಲು ಹಿಡಿದಿರಬೇಕು, ಸ್ವಲ್ಪ ನೀರಾದರೂ ಕುಡಿ ಅತ್ತೀ ಎಂದೆ. ಆಕೆ ತಲೆ ಕೂಡ ಅಲ್ಲಾಡಿಸಲಿಲ್ಲ. ಕಣ್ಣು ಕೂಸಿನ ನೆತ್ತಿಯ ಮೇಲೆ.

"ಸುಮ್ಮನಿರವ್ವ," ಎಂದಳು ಪಿಸುದನಿಯಲ್ಲಿ. "ಈಗಷ್ಟ ನನ್ನ ಉಸಿರಿಗಿ ಹೊಂದ್ಯಾಳ."