ಎಡಕ್ಕೆ ಎಳೆಯುವ ಗಾಡಿ

ನಮ್ಮ ದೊಡ್ಡಮ್ಮ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದ ತಕ್ಷಣ ತಮ್ಮ ಎಲೆಕ್ಟ್ರಿಕ್ ಪಿಕಪ್ಪಿನ ಜೊತೆ ಮಾತಾಡುತ್ತಾರೆ. ಇದರಲ್ಲೇನೂ ವಿಶೇಷವಿಲ್ಲ, ಈ ಊರಿನ ಟ್ರಾಫಿಕ್ಕಿನಲ್ಲಿ ಒಬ್ಬೊಬ್ಬರೇ ಮಾತಾಡಿಕೊಳ್ಳದವರು ಯಾರಿದ್ದಾರೆ ಹೇಳಿ? ವಿಶೇಷವೇನೆಂದರೆ, ಆ ಗಾಡಿ ಅವರ ಮಾತು ಕೇಳುತ್ತದೆ! ನನ್ನ ಮಾತು ಕೇಳುವುದಿಲ್ಲ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಹೇಗೆ ಪಾಸಾದೆ ಎಂಬುದು ಅದಕ್ಕೆ ಗೊತ್ತಾಗಿಬಿಟ್ಟಿದೆ ಎಂದು ಕಾಣುತ್ತದೆ.

ಹನುಮಂತನಗರದ ಮನೆಯ ಹಿಂದಿನ ಶೆಡ್ಡಿನಲ್ಲಿ ದೊಡ್ಡಮ್ಮ ನಾಮಕರಣ, ಸೀಮಂತಗಳಿಗೆ ಅಡುಗೆ ಮಾಡಿಸುತ್ತಾರೆ. ಅಡುಗೆ ಅವರದು, ಅದನ್ನು ಛತ್ರಕ್ಕೆ ಸಾಗಿಸುವುದು ದೊಡ್ಡಪ್ಪನದು. ಇದು ಅವರಿಬ್ಬರ ನಡುವಿನ ಹಳೆಯ ಕರಾರು. ಹೋದ ವರ್ಷ ದೊಡ್ಡಪ್ಪನಿಗೆ ಸ್ಟ್ರೋಕ್ ಆಯಿತು. ಅವರ ಹಳೆಯ ವ್ಯಾನೂ ಯಜಮಾನರೇ ಮಲಗಿದ ಮೇಲೆ ನನ್ನದೇನು ಎಂಬಂತೆ ಕೆಟ್ಟು ನಿಂತಿತು. "ಇನ್ನು ಸಾಕು, ಅಡುಗೆ ನಿಲ್ಲಿಸಿ" ಎಂದು ಇಡೀ ಕುಟುಂಬ ಒಕ್ಕೊರಲಿನಿಂದ ಬುದ್ಧಿ ಹೇಳಿತು. ದೊಡ್ಡಮ್ಮ ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿ, ಮರುದಿನ ಡ್ರೈವಿಂಗ್ ಕಲಿಯಲು ಹೊರಟರು!

ಲೈಸೆನ್ಸ್ ಬಂದ ಮೇಲೆ ಶೋರೂಮಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿದ್ದವನು "ಮೇಡಂ, ನಿಮಗೆ ಚಿಕ್ಕ ಗಾಡಿನೇ ಸಾಕು" ಎಂದಿದ್ದೇ ತಪ್ಪಾಯಿತು.

"ನಮ್ಮ ರಸ್ತೆ ಏರು ನೋಡಿದೀಯೇನಪ್ಪ? ಹುಳಿ ತುಂಬಿದ ಡಬರಿ ಯಾವತ್ತಾದ್ರೂ ಎತ್ತಿದೀಯಾ? ಇರೋದ್ರಲ್ಲೇ ಜೋರಾಗಿರೋದು ತೋರ್ಸು."

ತೋರಿಸಿದ. ಮನೆ ಮುಂದೆ ಬಂದು ನಿಂತ ಆ ಪಿಕಪ್ಪು ನಾಮಕರಣದ ಊಟವನ್ನಲ್ಲ, ಛತ್ರವನ್ನೇ ಕಿತ್ತು ಹೊತ್ತೊಯ್ಯುವ ಹಾಗಿತ್ತು.

ದೊಡ್ಡಪ್ಪ ಕಿಟಕಿಯಿಂದಲೇ ತೀರ್ಪು ಕೊಟ್ಟರು. "ಒಂದು ತೊಟ್ಟು ಚೆಲ್ಲಿದ್ರೂ ಗಾಡಿ ವಾಪಸ್ಸು, ಅಡುಗೆ ಬಂದ್. ಮೈ ಕೈ ಮುರ್ಕೊಂಡು ನೀನೂ ಮಲಗಿದ್ರೆ ನೋಡೋರ್ಯಾರು? ನಾನಂತೂ ಅದರಲ್ಲಿ ಕೂರಲ್ಲ."

"ನಿಮ್ಮನ್ನ ಕರೆದೋರ್ಯಾರು?" ಎಂದರು ದೊಡ್ಡಮ್ಮ.

ಮೊದಲ ಓಟಕ್ಕೆ ನಾನೇ ಕೂತೆ, ಓದಿದವನಲ್ಲವೇ! ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿದೆ. ಸದ್ದಿಲ್ಲ, ಹೊಗೆಯಿಲ್ಲ, ಸ್ಟಿಯರಿಂಗು ಮಾತ್ರ ಕೈಯೊಳಗೆ ಹಾವಿನಂತೆ ಹೊರಳಿ ಗಾಡಿ ಎಡಕ್ಕೆ ನುಗ್ಗಿತು. ಮೂಲೆಯ ಎಳನೀರಿನ ರಾಶಿಯ ಮುಂದೆ ಹೇಗೋ ನಿಲ್ಲಿಸಿದೆ. ಎಳನೀರಿನವನು ಮಚ್ಚು ಹಿಡಿದೇ ಬಗ್ಗಿ ನೋಡಿದ. "ಸಾರ್, ಎಳನೀರು ಬೇಕಿದ್ರೆ ಅಲ್ಲಿಂದ್ಲೇ ಕೂಗಿ. ನಾನೇ ತಂದ್ಕೊಡ್ತೀನಿ."

ಮಾನ ಉಳಿಸಿಕೊಳ್ಳಲು ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮನಿಗೆ ಪಾಠ ಶುರುಮಾಡಿದೆ. "ಇದಕ್ಕೆ ಟಾರ್ಕ್ ಸ್ಟಿಯರ್ ಅಂತಾರೆ ದೊಡ್ಡಮ್ಮ. ಮೋಟಾರಿನ ಜೋರೆಲ್ಲ ಮುಂದಿನ ಚಕ್ರಗಳಿಗೇ ಹೋಗುತ್ತೆ. ಒಂದೇ ಸಲ ಒತ್ತಿದ್ರೆ ಎರಡೂ ಚಕ್ರಕ್ಕೆ ಸಮ ಬೀಳದೆ ಒಂದು ಕಡೆ ಎಳೆಯುತ್ತೆ."

"ಹೊರಡೋವಾಗ ಮಾತ್ರ ತಾನೆ? ಹೊರಟ ಮೇಲೆ ಸರಿಹೋಗುತ್ತೆ?"

"ಹೌದು."

"ಅಷ್ಟೇನಾ!" ಎಂದು ನನ್ನನ್ನು ಇಳಿಸಿದರು.

ಭಾನುವಾರ ಬೆಳಿಗ್ಗೆ ಇಟ್ಟಮಡುವಿನ ಕಡೆಯ ಖಾಲಿ ರಸ್ತೆಯಲ್ಲಿ ಅಭ್ಯಾಸ ನಡೆಯಿತು. ಹಿಂದೆ ಡಬರಿ ತುಂಬ ನೀರು, ಅದರ ಪಕ್ಕದಲ್ಲಿ ಕಾವಲಿಗೆ ನಾನು. ಮೊದಲ ಸಲ ನೀರೆಲ್ಲ ನನ್ನ ಮೇಲೆ. ಎರಡನೆಯ ಸಲವೂ ನನ್ನ ಮೇಲೆ. "ಅಡ್ಡಿಯಿಲ್ಲ ಬಿಡು, ಮನೇಲಿ ಗೀಸರ್ ಹಾಕೋದು ಉಳೀತು" ಎಂದರು. ಆದರೆ ಬಿಸಿಲೇರುವ ಹೊತ್ತಿಗೆ ತಲೆಯೊಂದನ್ನು ಬಿಟ್ಟು ನಾನು ಒಣಗಿದ್ದೆ, ಡಬರಿ ತುಂಬಿಯೇ ಇತ್ತು! ನನ್ನ ಇಂಜಿನಿಯರಿಂಗು ಮಾತ್ರ ಇನ್ನೂ ನೀರು ಸೋರಿಸುತ್ತಿತ್ತು.

ಏನು ಮಾಡಿದರು? ಕಾಲು ಪೆಡಲಿನ ಮೇಲೆ, ಕುದಿಯುವ ಶಾವಿಗೆಗೆ ಹಾಲು ಬಿಡುವ ಹಾಗೆ ನಿಧಾನ. ಬಲಗೈ ಸುಮ್ಮನೆ ಇರುತ್ತದೆ. ಎಡ ಅಂಗೈ ಸ್ಟಿಯರಿಂಗಿನ ಎಡಬದಿಯ ಕೆಳಗೆ, ಹಿಡಿಯದೆ, ಮುಟ್ಟಿಯೂ ಮುಟ್ಟದಂತೆ ಕಾದಿರುತ್ತದೆ. ಬಾಯಲ್ಲಿ "ಹ್ಞೂಂ, ಏಳಿ ಏಳಿ, ನಿಧಾನ, ನಾನಿದೀನಿ" ಎಂಬ ಮಾತು. ಗಾಡಿಗೆ ಬಹುವಚನ! ನನಗೆ ಇವತ್ತಿಗೂ "ಲೋ".

"ಎಳೆದ ಮೇಲೆ ಹಿಡಿದ್ರೆ ಜಗಳ ಕಣೋ. ಎಳೆಯೋಕೆ ಮುಂಚೆನೇ ಕೈ ಅಲ್ಲಿರಬೇಕು. ಹೊರಟ ಮೇಲೆ ಕೈ ತೆಗೀಬೇಕು. ಇಲ್ಲಾಂದ್ರೆ ಅದಕ್ಕೂ ಬೇಜಾರಾಗುತ್ತೆ."

"ಅದು ಗಾಡಿ ದೊಡ್ಡಮ್ಮ!"

"ಗೊತ್ತು. ತಲೆ ಒರೆಸ್ಕೋ."

ಪರೀಕ್ಷೆ ಬಂದದ್ದು ಜೆ.ಪಿ. ನಗರದ ಛತ್ರವೊಂದರ ನಾಮಕರಣದಂದು. ಹಿಂದೆ ಒಂದು ಡಬರಿ ಹುಳಿ, ಒಂದು ಡಬರಿ ಶಾವಿಗೆ ಪಾಯಸ. ಮುಂದೆ ದೊಡ್ಡಮ್ಮನ ಪಕ್ಕದಲ್ಲಿ ಜೀವ ಬಿಗಿಹಿಡಿದ ನಾನು. ಏರಿನ ನಟ್ಟನಡುವೆಯೇ ಕೆಂಪು ದೀಪ ಬೀಳಬೇಕೇ? ಎಡಗಡೆ ಅಂಟಿಕೊಂಡಂತೆ ಒಂದು ಬಸ್ಸು. ಸ್ಟಿಯರಿಂಗು ಒಂದಿಷ್ಟು ಹೊರಳಿದರೂ ಪಾಯಸವೆಲ್ಲ ಬಸ್ಸಿನವರಿಗೇ. ಹಸಿರು ಬಿತ್ತು. ಹಿಂದಿನ ಆಟೋದವನು ಹಾರ್ನಿನ ಮೇಲೆ ಮಲಗಿಯೇಬಿಟ್ಟ. "ಅಮ್ಮಾ, ಹೋಗ್ತೀರೋ, ಇಲ್ಲೇ ಮನೆ ಮಾಡ್ತೀರೋ?"

ದೊಡ್ಡಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಹಿಂದೆ ಪಾಯಸ ಇದೆ ಕಣಪ್ಪ. ಛತ್ರಕ್ಕೆ ಬಾ, ನಿಂಗೂ ಒಂದು ಲೋಟ ಕೊಡ್ತೀನಿ."

ಹಾರ್ನು ನಿಂತಿತು. ಎಡ ಅಂಗೈ ಕೆಳಗೆ ಹೋಯಿತು. "ಏಳಿ ಏಳಿ, ನಿಧಾನ." ಆ ಭಾರೀ ಗಾಡಿ ಬಸ್ಸಿನ ಪಕ್ಕದಲ್ಲೇ, ದಾರ ಹಿಡಿದು ಎಳೆದಂತೆ ನೆಟ್ಟಗೆ ಏರು ಹತ್ತಿತು. ನಾನು ಕಣ್ಣು ಬಿಟ್ಟಾಗ ಬಸ್ಸು ಹಿಂದೆ ಉಳಿದಿತ್ತು.

ಛತ್ರದ ಗೇಟಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದವರು ಯಾರು ಅಂತೀರಿ? ದೊಡ್ಡಪ್ಪ! ಪಕ್ಕದ ಮನೆ ಅಂಕಲ್ಲನ್ನು ಹೊರಡಿಸಿಕೊಂಡು, ಆಟೋದಲ್ಲಿ ನಮಗಿಂತ ಮೊದಲೇ ಬಂದಿದ್ದರು, ತಪಾಸಣೆಗೆ. ಡಬರಿಗಳನ್ನು ಅವರ ಮುಂದೆಯೇ ಇಳಿಸಿದೆವು. ಕೂತಲ್ಲಿಂದಲೇ ಮುಚ್ಚಳದ ಅಂಚಿನ ಸುತ್ತ ಬೆರಳಾಡಿಸಿದರು. ಬೆರಳು ನೋಡಿಕೊಂಡರು. ಒಣಗಿತ್ತು.

"ಹ್ಞೂಂ, ಪರವಾಗಿಲ್ಲ" ಎಂದರು. ನಮ್ಮ ಮನೆತನದಲ್ಲಿ ಇದು ದೊಡ್ಡ ಪ್ರಶಸ್ತಿ.

ಊಟವಾದ ಮೇಲೆ, ಖಾಲಿ ಡಬರಿಗಳು ಗಾಡಿ ಏರಿದ ಮೇಲೆ, ನಾನು ಸುಮ್ಮನಿರುತ್ತೇನೆಯೇ? ಯಾರದಾದರೂ ನಕಲು ಮಾಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಬಡಿಸುವ ಹೆಂಗಸರ ಮುಂದೆ ಕುರ್ಚಿ ಎಳೆದುಕೊಂಡು ದೊಡ್ಡಮ್ಮನೇ ಆಗಿಬಿಟ್ಟೆ. ಅದೇ ಕಾಲು, ಅದೇ ಅಂಗೈ, "ಏಳಿ ಏಳಿ, ನಿಧಾನ, ನಾನಿದೀನಿ." ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮನೂ ಸೆರಗು ಬಾಯಿಗಿಟ್ಟುಕೊಂಡರು. ದೊಡ್ಡಪ್ಪ ಮಾತ್ರ ಪರೀಕ್ಷಕರಂತೆ ನೋಡಿ, "ಲೋ, ಕೈ ಇನ್ನೂ ಸ್ವಲ್ಪ ಕೆಳಗಿರಬೇಕು" ಎಂದರು.

"ನಿಮಗೇನು ಗೊತ್ತು? ನೀವು ಆ ಗಾಡೀಲಿ ಕೂತೇ ಇಲ್ವಲ್ಲ!" ಎಂದೆ.

ದೊಡ್ಡಪ್ಪ ಕುರ್ಚಿಯ ಕೈ ಒತ್ತಿ ಏಳತೊಡಗಿದರು. ಎದ್ದ ರಭಸಕ್ಕೆ ಮೈ ಎಡಕ್ಕೆ ಎಳೆಯಿತು. ದೊಡ್ಡಮ್ಮ ಯಾವಾಗ ಅವರ ಹಿಂದೆ ಬಂದು ನಿಂತಿದ್ದರೋ, ಅವರ ಅಂಗೈ ದೊಡ್ಡಪ್ಪನ ಎಡ ಮೊಣಕೈಯ ಕೆಳಗೆ ಮೊದಲೇ ಇತ್ತು. ಹಿಡಿದಿರಲಿಲ್ಲ.

"ಏಳಿ ಏಳಿ. ನಿಧಾನ."

ನನ್ನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ದೊಡ್ಡಪ್ಪ ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು, ನೆಟ್ಟಗಾದರು. ದೊಡ್ಡಮ್ಮ ಕೈ ತೆಗೆದರು. ದೊಡ್ಡಪ್ಪ ಒಬ್ಬರೇ ನಡೆದು ಹೋಗಿ, ಪಿಕಪ್ಪಿನ ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಕೂತು, "ಹೊರಡೋಣವೇನೇ?" ಎಂದರು.

"ಬೆಲ್ಟ್ ಹಾಕ್ಕೊಳ್ರೀ" ಎಂದರು ದೊಡ್ಡಮ್ಮ.

ನಾನು ಹಿಂದೆ ಹತ್ತಿ ಖಾಲಿ ಡಬರಿಗಳ ನಡುವೆ ಕೂತೆ. ಗಾಡಿ ಹೊರಟಿದ್ದೇ ಗೊತ್ತಾಗಲಿಲ್ಲ.